ಗುರುಶಾಂತಮ್ಮನವರ ಸೋಮವಾರದ ಒಪ್ಪತ್ತು

ರಾಯಚೂರಿನ ಗುರುಶಾಂತಮ್ಮನವರಿಗೆ ದೇವರು ಮೈಕು ಬೇಡದ ಗಂಟಲು ಕೊಟ್ಟಿದ್ದ, ಜೊತೆಗೆ ಆ ಗಂಟಲಿನ ಮೇಲೆ ಅಪಾರ ಪ್ರೀತಿಯನ್ನೂ ಕೊಟ್ಟಿದ್ದ. ಒಂದು ಸಂಸ್ಥೆಯ ಪರವಾಗಿ ದೇವದುರ್ಗ, ಮಾನ್ವಿ ಕಡೆಯ ಶಾಲೆಗಳಿಗೆ ಹೋಗಿ ಹುಡುಗಿಯರಿಗೆ ಆರೋಗ್ಯದ ಪಾಠ ಹೇಳುವುದು ಅವರ ಕೆಲಸ. ಚೀಕಲಪರ್ವಿಯಲ್ಲಿ ಹೇಳಿದ್ದನ್ನೇ ಮಸರಕಲ್‌ನಲ್ಲಿ ಹೇಳುವರು, ಅದನ್ನೇ ಮನೆಗೆ ಬಂದು ಗಂಡನಿಗೂ ಹೇಳುವರು. ಪಾಪ, ಆತನಿಗೆ ಎಲ್ಲ ಸೊಪ್ಪುಗಳ ಗುಣವೂ ಬಾಯಿಪಾಠ.

ತರಕಾರಿಯ ಮಾತಿಗೆ ಮೊಳಗುತ್ತಿದ್ದ ಆ ಗಂಟಲು ಮುಟ್ಟಿನ ಮಾತು ಬಂದ ಕೂಡಲೇ ಪಿಸುಗುಟ್ಟುತ್ತಿತ್ತು. ಮುಟ್ಟೆಂದರೆ 'ಆ ದಿನ', ಗರ್ಭಕೋಶವೆಂದರೆ 'ಆ ಜಾಗ'. ಮಸರಕಲ್‌ನ ಹೆಡ್‌ಮಾಸ್ತರ ಮಹಾಂತಯ್ಯನವರು ಬಾಗಿಲಲ್ಲಿ ಕಂಡರೆ ಸಾಕು, ಗರ್ಭಕೋಶದ ಚಿತ್ರದ ಮೇಲೆ ನುಗ್ಗೆಕಾಯಿಯ ಚಿತ್ರ ಬೀಳುತ್ತಿತ್ತು. "ಪಾಠ ಛಲೋ ನಡದದ" ಎಂದು ಅವರು ತಲೆಯಾಡಿಸಿ ಹೋಗುವರು. ನುಗ್ಗೆಕಾಯಿಗೂ ಆ ಜಾಗಕ್ಕೂ ಏನು ಸಂಬಂಧವೆಂದು ಹುಡುಗಿಯರು ತಲೆ ಕೆಡಿಸಿಕೊಳ್ಳುವರು.

ಮಸರಕಲ್‌ನ ಪಾಠ ಸೋಮವಾರ. ಕೊನೆಗೆ ಎಲ್ಲರಿಗೂ ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಗುಳಿಗೆ. ನುಂಗಿ ಬಾಯಿ ತೆರೆದು ತೋರಿಸಬೇಕು. ಗುರುಶಾಂತಮ್ಮ ಬಾಯಿ ನೋಡುತ್ತಿದ್ದರು, ತಟ್ಟೆ ನೋಡುತ್ತಿರಲಿಲ್ಲ. ಒಳ್ಳೆಯ ಗಂಡ ಸಿಗಲೆಂದು ಅರ್ಧ ತರಗತಿ ಅಂದು ಬಿಸಿಯೂಟ ಬಿಟ್ಟು ಒಪ್ಪತ್ತು ಮಾಡುತ್ತಿತ್ತು. ಅದು ತಿಳಿದು ಅವರು ಹಿಗ್ಗಿದ್ದರು. "ನಾನೂ ಲಗ್ನಕ್ಕಿಂತ ಮೊದಲಿಂದ ಒಂದು ಸೋಮಾರನೂ ಬಿಟ್ಟಿಲ್ಲ" ಎಂದು ಹಣೆಯ ವಿಭೂತಿ ಮುಟ್ಟಿಕೊಂಡಿದ್ದರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆ ಕೇಳಿದ್ದೇವೆ. ಈ ತಾಯಿ ಹೇಳುವುದೇ ಬದನೆಕಾಯಿ, ತಿನ್ನುವುದು ಏನೂ ಇಲ್ಲ.

ಒಂದು ಸೋಮವಾರ ಒಂಬತ್ತನೆಯ ತರಗತಿಯ ಶಿವಗಂಗಾ ಗುಳಿಗೆ ನುಂಗಿ, ಅಂಗಳದಲ್ಲಿ ವಾಂತಿ ಮಾಡಿ, ಕಣ್ಣು ಕತ್ತಲಿಟ್ಟು ಬಿದ್ದಳು. ಸುಣ್ಣದಂತೆ ಬಿಳಿಚಿದ ಹುಡುಗಿ, ಗುಳಿಗೆ ಬೇಕಾದದ್ದೇ ಅಂಥವಳಿಗೆ. ಆದರೆ ಸಂಜೆಯೊಳಗೆ ಊರು ತೀರ್ಪು ಕೊಟ್ಟಿತು: ಈ ಗುಳಿಗೆ ಗರ್ಭ ಒಣಗಿಸುತ್ತದೆ. ಆ ಜಾಗದ ಬಗ್ಗೆ ಬಲ್ಲವರು ಬಾಯಿ ಬಿಡದಿದ್ದರೆ ಊರೇ ಬಾಯಿ ಬಿಡುತ್ತದೆ.

ಮುಂದಿನ ಸೋಮವಾರ ಅವಳ ಅಜ್ಜಿ ಹಂಪಮ್ಮ, ಹೊಲಕ್ಕೆ ಹೊರಟವಳು, ಬುತ್ತಿ ಗಂಟಿನ ಸಮೇತ ತರಗತಿಗೇ ನುಗ್ಗಿದಳು. ಹಿಂದೆಯೇ ಮಹಾಂತಯ್ಯನವರು ಓಡಿ ಬಂದರು.

"ಈಕಿ ಹೆಸರು ಸಾಲಿಂದ ತಗೀರಿ. ಗರ್ಭ ಒಣಗಿದ್ರ ನಾಳಿ ಲಗ್ನ ನೀವು ಮಾಡ್ತೀರೇನು?"

ಗುರುಶಾಂತಮ್ಮನವರ ಕೈ ಅಭ್ಯಾಸದಂತೆ ನುಗ್ಗೆಕಾಯಿಯ ಚಿತ್ರದ ಕಡೆ ಹೋಯಿತು. ಶಿವಗಂಗಾ ಅಳುತ್ತಿದ್ದಳು. ಶಾಲೆ ಬಿಟ್ಟ ಹುಡುಗಿಗೆ ಮುಂದೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ಅವರಿಗೆ ತಮ್ಮ ಗಂಟಲಿನ ಬಗ್ಗೆ ನಾಚಿಕೆಯಾಯಿತು.

"ಗರ್ಭಕೋಶಕ್ಕ ಏನೂ ಆಗಂಗಿಲ್ರೀ!" ಎಂದರು, ಪೂರ್ತಿ ಗಂಟಲಲ್ಲಿ. ಮಹಾಂತಯ್ಯನವರು ಚಾವಣಿ ನೋಡತೊಡಗಿದರು. "ಮುಟ್ಟಾದಾಗ ರಕ್ತ ಹೋಗತದ, ಅದನ್ನ ತುಂಬಾಕ ಈ ಗುಳಿಗಿ. ಖಾಲಿ ಹೊಟ್ಟಿಲೆ ನುಂಗಿದ್ಲು, ಅದಕ್ಕ ವಾಂತಿ ಆತು. ಉಂಡು ನುಂಗಬೇಕು."

"ಸೋಮಾರ ಉಣ್ಣಲಾರದವ್ರನ್ನ ಹೊಗಳಿದಾಕಿ ನೀವೇ ಅಲ್ರೀ ಅಕ್ಕೋರ?" ಎಂದಳು ಹಂಪಮ್ಮ.

ಗುಳಿಗೆಯನ್ನು ಬೇರೆ ವಾರ ಕೊಡೋಣವೆಂದರು ಗುರುಶಾಂತಮ್ಮ. ಮಂಗಳವಾರ ಎಲ್ಲಮ್ಮನದು, ಶನಿವಾರ ಹನುಮಪ್ಪನದು ಎಂದು ಹುಡುಗಿಯರೇ ನೆನಪಿಸಿದರು. ಹೊಟ್ಟೆಯ ಪಾಲಿಗೆ ಒಂದು ವಾರವೂ ಸುಲಭವಾಗಿ ಸಿಗುವಂತಿರಲಿಲ್ಲ.

ಶಿವಗಂಗಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ರಕ್ತ ಕಡಿಮೆಯಿದ್ದವರ ಕಣ್ಣಿನ ಒಳರೆಪ್ಪೆ ಬಿಳಿಚಿರುತ್ತದೆಂದು ಅವಳಿಗೆ ಕಲಿಸಿದವರು ಇವರೇ. ಅವಳು ಗುರುಶಾಂತಮ್ಮನವರ ಕೆಳರೆಪ್ಪೆ ಎಳೆದು ನೋಡಿದಳು.

"ಅಕ್ಕೋರ, ನಿಮ್ಮದೂ ಬೆಳ್ಳಗದ್ರೀ."

ಪ್ರತಿ ಸೋಮವಾರ ಬಸ್ಸಿಳಿದು ತಲೆ ತಿರುಗಿ ಕಂಬ ಹಿಡಿದು ನಿಲ್ಲುವುದು ದೇವದುರ್ಗದ ರಸ್ತೆಯ ತಪ್ಪೆಂದೇ ಅವರು ಇಷ್ಟು ದಿನ ಹೇಳಿಕೊಂಡು ಬಂದಿದ್ದರು.

ಹಂಪಮ್ಮ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. "ನೀವು ಉಣ್ರಿ. ನೀವುಂಡ್ರ ಈಕಿನೂ ಉಣ್ತಾಳ, ಸಾಲಿಗೂ ಬರ್ತಾಳ."

ಗುರುಶಾಂತಮ್ಮ ತುತ್ತು ಮುರಿದರು, ಕೈ ಅರ್ಧಕ್ಕೇ ನಿಂತಿತು. ರಾಯಚೂರಿನ ಓಣಿಯಲ್ಲಿ ಅವರಿಗೆ ಒಪ್ಪತ್ತಿನ ಗುರುಶಾಂತಮ್ಮ ಎಂದೇ ಹೆಸರು. ಆ ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹಂಪಮ್ಮನಿಗೆ ಅರ್ಥವಾಯಿತು. "ನಿಮ್ಮ ಓಣ್ಯಾಗ ನಾವ್ಯಾರೂ ಹೇಳಂಗಿಲ್ಲ. ಉಣ್ಣು, ಯವ್ವಾ."

ಉಂಡರು. ಶಿವಗಂಗಾಳೂ ಉಂಡಳು. ಆಮೇಲೆ ಆ ಹುಡುಗಿ ಎರಡು ಗುಳಿಗೆ ತೆಗೆದು, ಒಂದನ್ನು ಗುರುಶಾಂತಮ್ಮನವರ ಅಂಗೈಯಲ್ಲಿಟ್ಟಳು.

"ನುಂಗಿ, ಬಾಯಿ ತೆರದು ತೋರಸ್ರೀ ಅಕ್ಕೋರ."