ಕನ್ನಡಿ ಸೀನಿನ ದನಿ

ಚಿಕ್ಕಮ್ಮನಿಗೆ ಅವಳದೇ ಸಿನಿಮಾ ತೋರಿಸಕೂಡದು ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಟ್ಟಪ್ಪಣೆಯಾಗಿತ್ತು. ಅದನ್ನು ಮುರಿದವನು ಟಾಕೀಸಿನ ಮ್ಯಾನೇಜರ್. ಪರದೆಯ ಎರಡೂ ಬದಿಗೆ ಇಳಿಬಿಡುವ ಹೊಸ ಕರ್ಟನ್ ಹೊಲಿಸಲು ಚಿಕ್ಕಮ್ಮನ ಟೈಲರಿಂಗ್ ಅಂಗಡಿಗೆ ಬಂದವನು, ಅವಳು ಮಿಷಿನ್ನಿನಿಂದ ತಲೆಯೆತ್ತಿದ್ದೇ ತಡ, "ಅಯ್ಯೋ, ನೀವು ನಮ್ಮ ದೆವ್ವ ಅಲ್ವಾ ಮೇಡಂ!" ಅಂದುಬಿಟ್ಟ. ಅಳತೆ ಕೊಡಲು ನಿಂತಿದ್ದ ಹೆಂಗಸು ಬಾಗಿಲ ಕಡೆ ಸರಿದಳಂತೆ. ಚಿಕ್ಕಮ್ಮ ಮಾತ್ರ ಹಿಗ್ಗಿ ಹೀರೇಕಾಯಿಯಾದಳು. ಬರುವ ಭಾನುವಾರ ಮಧ್ಯಾಹ್ನದ ಆಟಕ್ಕೆ ಆಕೆಯೇ ವಿಶೇಷ ಅತಿಥಿ ಎಂದು ಅವನು ಕರೆದ. ಇವಳು ಒಪ್ಪಿಯೂ ಆಯಿತು.

ಆ ಸಂಜೆ ನಮ್ಮ ಮನೆಗೆ ಬಂದು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಹೋದಳು. ಅವಳು ಮೆಟ್ಟಿಲಿಳಿದದ್ದೇ ಅಮ್ಮ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ಅವಳಿಗೆ ಗೊತ್ತಾದ್ರೆ ಎದೆ ಒಡ್ಕೊಂಡು ಬಿಡ್ತಾಳೆ ಕಣೇ. ವಾರ ವಾರ ಹೋಗಿ ಆ ಟಾಕೀಸಲ್ಲಿ ಬಿದ್ದಿರ್ತೀಯಲ್ಲ, ಏನಾದ್ರೂ ಮಾಡು."

ಏನು ಗೊತ್ತಾದರೆ ಎಂಬುದನ್ನು ಹೇಳಬೇಕಾದರೆ ಮೊದಲು ಚಿಕ್ಕಮ್ಮನ ದನಿಯ ಬಗ್ಗೆ ಹೇಳಬೇಕು. ಅದು ಗಂಡುದನಿ. ಫೋನೆತ್ತಿ ಹಲೋ ಅಂದರೆ ಆ ಕಡೆಯವರು "ಸಾರ್" ಅನ್ನುತ್ತಾರೆ. ಶಾಲೆಯ ಹಾಡಿನ ತಂಡದಲ್ಲಿ ಟೀಚರು ಅವಳನ್ನು ಹಿಂದಿನ ಸಾಲಿಗೆ ತಳ್ಳಿ, "ನೀನು ಬರೀ ಬಾಯಾಡಿಸು, ಹಾಡಬೇಡ" ಅಂದಿದ್ದರು. ಮದುವೆಯ ಮಾತುಕತೆಗೆ ಬಂದವರೆದುರು ಅಜ್ಜಿ, ಹುಡುಗಿಗೆ ನೆಗಡಿ ಎಂದು ಸುಳ್ಳು ಹೇಳಿದ್ದಳು. ಆ ನೆಗಡಿ ಇನ್ನೂ ಇಳಿದಿಲ್ಲ ಎಂದು ಚಿಕ್ಕಪ್ಪ ಬದುಕಿದ್ದಷ್ಟು ಕಾಲ ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಅಂಗಡಿಯಲ್ಲಿ ಹೊಸಬರು ಬಂದರೆ ಇವತ್ತಿಗೂ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ತಲೆಯಾಡಿಸಿಯೇ ವ್ಯವಹಾರ ಮುಗಿಸುತ್ತಾಳೆ.

ಈ ದನಿಯನ್ನು ಮೆಚ್ಚಿದವನು ಜಗತ್ತಿನಲ್ಲಿ ಒಬ್ಬನೇ. ಮದುವೆಯಾದ ಹೊಸದರಲ್ಲಿ ಅವಳು 'ಮೂರನೇ ಚಿಲಕ' ಎಂಬ ದೆವ್ವದ ಸಿನಿಮಾಕ್ಕೆ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗಿದ್ದಳು. ದೆವ್ವವಾಗಬೇಕಿದ್ದ ನಟಿಗೆ ಆ ದಿನ ಮುಖವೆಲ್ಲ ದದ್ದು. ಬಿಳಿ ಗೌನು ಚಿಕ್ಕಮ್ಮನಿಗೆ ಸರಿಹೋಗುತ್ತಿತ್ತು, ಯಾಕೆಂದರೆ ತನ್ನ ಮೈಮೇಲೆ ಇಟ್ಟು ನೋಡಿಯೇ ಅವಳು ಅದನ್ನು ಹೊಲಿದಿದ್ದಳು. ಡೈರೆಕ್ಟರು ಅವಳನ್ನೇ ಕನ್ನಡಿಯ ಮುಂದೆ ನಿಲ್ಲಿಸಿ ಮಾತು ಹೇಳಿಸಿದ. ಕೋಣೆಯಲ್ಲಿ ಕೂಡಿಹಾಕಿದ್ದರಿಂದ ಸತ್ತ ಹೆಣ್ಣಿನ ಮಾತು ಅದು. ಅವಳು ಹೇಳಿ ಮುಗಿಸಿದಾಗ ಮೇಲೆ ಲೈಟು ಹಿಡಿದಿದ್ದವನು ಏಣಿ ಇಳಿದು ಬಂದುಬಿಟ್ಟಿದ್ದನಂತೆ. ಡೈರೆಕ್ಟರು, "ಇಲ್ಲಿಗೆ ಮ್ಯೂಸಿಕ್ ಬೇಡ, ಈ ದನಿಯೇ ಸಾಕು" ಅಂದನಂತೆ. ಆ ಮಾತೊಂದನ್ನು ಚಿಕ್ಕಮ್ಮ ಜೀವಮಾನವಿಡೀ ಜೋಪಾನ ಮಾಡಿಕೊಂಡು ಬಂದಳು. ಯಾರಾದರೂ ದನಿಯ ಬಗ್ಗೆ ಕುಟುಕಿದರೆ ಅದನ್ನು ಹೊರಗೆ ತೆಗೆಯುತ್ತಿದ್ದಳು, ಮತ್ತೆ ಒಳಗಿಟ್ಟುಕೊಳ್ಳುತ್ತಿದ್ದಳು.

ಸಿನಿಮಾ ಬಿಡುಗಡೆಯಾದಾಗ ಅವಳು ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಕೂಸಿನೊಂದಿಗೆ ಮನೆಗೆ ಬರುವಷ್ಟರಲ್ಲಿ ಗೋಡೆಯ ಮೇಲೆ ಬೇರೆ ಪೋಸ್ಟರ್ ಬಂದಿತ್ತು. ಹಾಗಾಗಿ ಅವಳು ಅದನ್ನು ನೋಡಲೇ ಇಲ್ಲ. ಆಗೆಲ್ಲ ಚಿತ್ರೀಕರಣ ಮುಗಿದ ಮೇಲೆ ಬೇರೆ ಕೋಣೆಯಲ್ಲಿ ಕೂತು ದನಿ ತುಂಬುತ್ತಿದ್ದರು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ದನಿ ತುಂಬುವ ದಿನ ಅವಳಿಗೆ ದಿನ ತುಂಬಿತ್ತು, ಅವಳನ್ನು ಕರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಕೈಗೆ ಸಿಕ್ಕ ಯಾರೋ ಒಬ್ಬಳು ಬಂದು ಆ ಮಾತು ಹೇಳಿಹೋದಳು. ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಇಲಿಯ ದನಿ ಅವಳದು.

ನಮ್ಮ ಟಾಕೀಸಿನಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ಸಿನಿಮಾಗಳದೇ ದರ್ಬಾರು. ಒಂದು ಪತ್ತೇದಾರಿ ಚಿತ್ರವಿದೆ, ಅದರಲ್ಲಿ ಹೆಣದ ಮೇಲೆ ಮೈಕು ತೂಗಾಡುತ್ತದೆ. ಆ ಮೈಕು ಕಂಡೊಡನೆ ನಾವೆಲ್ಲ ಎದ್ದು ಸಲ್ಯೂಟ್ ಹೊಡೆಯುತ್ತೇವೆ. ಕಪ್ಪುಬಿಳುಪಿನ ಕಾಲದ್ದೊಂದು, ಬಕೆಟ್ಟು ತಲೆಗೆ ಹಾಕಿಕೊಂಡು ಚಂದ್ರನಿಗೆ ಹೋಗುವವರ ಕಥೆ. ಹೊಡೆದಾಟದ ಸಿನಿಮಾದಲ್ಲಿ ನಾಯಕನ ಮೀಸೆ ಎದ್ದು ಕೆನ್ನೆಗೆ ಹೋಗುತ್ತದೆ, ಮತ್ತೆ ತುಟಿಗೆ ಬರುತ್ತದೆ. ಅಳುಮುಂಜಿ ಚಿತ್ರದ ಕುರುಡಿ ತಾಯಿ ಗಡಿಯಾರ ನೋಡಿ ಟೈಮು ಹೇಳುತ್ತಾಳೆ. ಇವು ಒಳ್ಳೆಯ ಸಿನಿಮಾಗಳೆಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಇವನ್ನು ಬಿಟ್ಟು ನನಗೆ ವಾರ ಕಳೆಯುವುದಿಲ್ಲ.

ಇವೆಲ್ಲಕ್ಕೂ ರಾಜ 'ಮೂರನೇ ಚಿಲಕ'. ಅದಕ್ಕೆ ಬರುವವರೆಲ್ಲ ಮನೆಯ ಬೀಗದ ಕೈ ಗೊಂಚಲು ತಂದಿರುತ್ತಾರೆ. ಕನ್ನಡಿಯಲ್ಲಿ ದೆವ್ವ ಕಂಡಾಗ ಇಡೀ ಟಾಕೀಸು ಗೊಂಚಲು ಕುಲುಕುತ್ತದೆ. ದೆವ್ವ ಬಾಯಿ ತೆರೆದು ಇಲಿದನಿಯಲ್ಲಿ ಕಿಚಗುಟ್ಟಿದಾಗ ಜನ ಹೊಟ್ಟೆ ಹಿಡಿದುಕೊಂಡು ಸೀಟಿನಿಂದ ಜಾರುತ್ತಾರೆ. ಆ ಸಿನಿಮಾ ಬದುಕಿರುವುದೇ ಆ ನಗುವಿನಿಂದ.

ಚಿಕ್ಕಮ್ಮ ಹೋಗುತ್ತಿದ್ದುದು ಆ ನಗುವಿನ ಬಾಯಿಗೆ. ಬರಬೇಡ ಅಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅವಳಲ್ಲಿ ಉಳಿದಿದ್ದ ಆ ಒಂದು ಮಾತೂ ಹೋಗುತ್ತದೆ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಕೊನೆಗೆ ಆಪರೇಟರಣ್ಣನ ಹತ್ತಿರ ಹೋದೆ. ಪ್ರೊಜೆಕ್ಟರ್ ಕೋಣೆಯಲ್ಲಿ ಅವನು ಬನಿಯನ್ನಿನಲ್ಲಿ ಕೂತು ಮಸೂರ ಒರೆಸುತ್ತಿದ್ದ.

"ಅಣ್ಣಾ, ಕನ್ನಡಿ ಸೀನು ಬಂದಾಗ ಸೌಂಡ್ ಆಫ್ ಮಾಡ್ಬೇಕು."

"ತಲೆ ಕೆಟ್ಟಿದ್ಯಾ? ಅದಕ್ಕೇ ಕಾದು ಕೂತಿರ್ತಾರೆ ಜನ. ಸೀಟು ಕಿತ್ತು ನನ್ನ ಮೇಲೆ ಎಸೀತಾರೆ ಅಷ್ಟೆ."

"ಆ ಸೀನು ಒಂದೇ. ಆಂಪ್ಲಿಫೈಯರ್ ಕೈಕೊಡ್ತು ಅನ್ನು. ನಮ್ಮ ಚಿಕ್ಕಮ್ಮನ ಮಾನ ನಿನ್ನ ಕೈಲಿದೆ."

ಅವನು ಮಸೂರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅವರು ಹೊಲಿದ ಕರ್ಟನ್ ನೋಡ್ದೆ. ಒಂದು ಸುಕ್ಕಿಲ್ಲ," ಅಂದ. "ಆಯ್ತು ಹೋಗು."

ದನಿ ಇಲ್ಲದಿದ್ದರೆ ಇಲಿ ಇಲ್ಲ, ಇಲಿ ಇಲ್ಲದಿದ್ದರೆ ನಗು ಇಲ್ಲ. ನನ್ನ ಲೆಕ್ಕ ಅಷ್ಟೇ ಇತ್ತು.

ಭಾನುವಾರ ಚಿಕ್ಕಮ್ಮ ತಾನೇ ಹೊಲಿದ ಬೂದುಬಣ್ಣದ ಕೋಟು ತೊಟ್ಟು ಬಂದಳು. ನಡುವಿನ ಸಾಲಿನಲ್ಲಿ ಕೂತೆವು. ಸುತ್ತಲೂ ಗೊಂಚಲುಗಳ ಕಿಣಿಕಿಣಿ.

"ಯಾಕೇ ಎಲ್ರೂ ಬೀಗದ ಕೈ ತಂದಿದಾರೆ?"

"ಗೌರವಕ್ಕೆ, ಚಿಕ್ಕಮ್ಮ. ನೀನು ಬಂದಾಗ ಬಾರಿಸ್ತಾರೆ."

"ಗೌರವಕ್ಕಾ!" ಅವಳ ಕಣ್ಣು ಅರಳಿತು. ಬ್ಯಾಗಿಗೆ ಕೈಹಾಕಿ ಅಂಗಡಿಯ ಬೀಗದ ಕೈ ತೆಗೆದು ತಾನೂ ಹಿಡಿದುಕೊಂಡಳು. ನನ್ನ ನಾಲಿಗೆ ಸೇದಿಹೋಗಲಿ ಅನ್ನಿಸಿತು.

ಮ್ಯಾನೇಜರ್ ಅವಳನ್ನು ಎಬ್ಬಿಸಿ ನಿಲ್ಲಿಸಿ, ದೆವ್ವ ಸ್ವತಃ ಬಂದಿದ್ದಾರೆ ಎಂದು ಸಾರಿದ. ಚಪ್ಪಾಳೆ, ಸಿಳ್ಳೆ. ಮೈಕು ಅವಳ ಮೂತಿಗೆ ಬಂತು. ಅವಳು ಅಭ್ಯಾಸಬಲದಿಂದ ತುಟಿ ಬಿಗಿದುಕೊಂಡಳು. "ಸಿನಿಮಾ ಮುಗಿದ ಮೇಲೆ ಮಾತಾಡ್ತಾರೆ" ಎಂದು ನಾನೇ ಮೈಕು ತಳ್ಳಿದೆ. ದೀಪ ಆರಿತು.

ಮೊದಲ ನಗು ಬೇಗನೆ ಬಂತು, ನಾಯಕನ ಗಡ್ಡ ನೋಡಿ. ಚಿಕ್ಕಮ್ಮ ನನ್ನ ಕಡೆ ಬಾಗಿದಳು. "ಇದು ನಗೋ ಸಿನಿಮಾ ಅಲ್ವಲ್ಲೇ?"

"ಹೆದ್ರಿಕೆಗೆ ನಗ್ತಾರೆ. ಕೆಲವರಿಗೆ ಹಾಗಾಗುತ್ತೆ."

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಎರಡನೇ ಚಿಲಕ ತೆರೆಯಿತು, ಬಾವಲಿ ಹಾರಿತು, ಬಾವಲಿಯ ದಾರವೂ ಕಂಡಿತು, ಜನ ದಾರಕ್ಕೆ ಜೈಕಾರ ಹಾಕಿದರು. ತಿರುಗಿ ತಿರುಗಿ ಮೇಲಿನ ಕಿಂಡಿಯ ಕಡೆ ನೋಡಿದೆ. ಆಪರೇಟರಣ್ಣ ಸಿನಿಮಾ ನಡೆಯುವಾಗ ತೂಕಡಿಸುವವನು. ಈಗ ನಿದ್ದೆ ಹೋಗಿದ್ದರೆ? ಮಾತು ಮರೆತಿದ್ದರೆ? ಪರದೆಯ ಮೇಲೆ ಉದ್ದನೆಯ ಓಣಿ, ಮೇಣದ ಬತ್ತಿ, ನಾಯಕಿಯ ಹೆಜ್ಜೆ ಸಪ್ಪಳ. ಮೂರನೇ ಬಾಗಿಲಿನ ಚಿಲಕ ಅಲುಗಾಡಿತು. ಹೆಜ್ಜೆ ಸಪ್ಪಳ ಇನ್ನೂ ಕೇಳುತ್ತಲೇ ಇತ್ತು. ನನ್ನ ಜೀವ ಬಾಯಿಗೆ ಬಂತು.

ಟಪ್ ಎಂದು ಸದ್ದು ನಿಂತಿತು.

ಹೋದ ಜೀವ ಬಂದಂತಾಗಿ ನಾನು ಸೀಟಿಗೆ ಒರಗಿದೆ. ಕನ್ನಡಿಯಲ್ಲಿ ಬಿಳಿ ಗೌನಿನ ಹೆಣ್ಣು ಮೂಡಿದಳು. ಎಳೆಯ ಮುಖ, ದೊಡ್ಡ ಕಣ್ಣು. "ನಾನೇ ಕಣೇ," ಎಂದು ಚಿಕ್ಕಮ್ಮ ನನ್ನ ಕೈ ಅಮುಕಿದಳು. ಗೊಂಚಲುಗಳು ಕುಲುಕಿದವು. ಅವಳೂ ಕುಲುಕಿದಳು. ಪರದೆಯ ಮೇಲೆ ತುಟಿ ಅಲುಗಿದವು.

ಇಡೀ ಹಾಲು ಒಟ್ಟಿಗೆ ಕಿಚಗುಟ್ಟಿತು: "ಬಾಗಿಲು ಹಾಕಿದ್ದು ಯಾರೂ? ನಾನಿನ್ನೂ ಒಳಗಿದ್ದೀನೀ!"

ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ವಾರ ವಾರ ಅವರ ನಡುವೆ ಕೂತು ಕಿರುಚುವ ನನಗೇ ಇದು ಹೊಳೆಯಲಿಲ್ಲ. ಸಿನಿಮಾದ ಒಂದೊಂದು ಮಾತೂ ಬಾಯಿಪಾಠವಿರುವ ಜನಕ್ಕೆ ಸೌಂಡ್ ಇದ್ದರೆಷ್ಟು ಬಿಟ್ಟರೆಷ್ಟು? ಒಂದು ಇಲಿಯ ಬದಲು ಈಗ ಟಾಕೀಸಿನ ತುಂಬ ಇಲಿಗಳು. ನಗು ಛಾವಣಿಗೆ ಹೋಗಿ ಬಡಿಯಿತು.

"ಯಾಕೆ ಹೀಗೆ ಕಿರುಚ್ತಾರೆ?" ಚಿಕ್ಕಮ್ಮ ಕೇಳಿದಳು. "ಸಿನಿಮಾದಲ್ಲಿ ಹೀಗೇ ಇದ್ಯಾ? ನಿಜ ಹೇಳು."

"ನಿನ್ನ ದನಿ ಹಾಕಿಲ್ಲ ಚಿಕ್ಕಮ್ಮ. ಬೇರೆ ಯಾರದ್ದೋ ಹಾಕಿದಾರೆ."

ನನ್ನ ಕೈಯಿಂದ ಅವಳ ಕೈ ಜಾರಿಹೋಯಿತು. ಬೀಗದ ಕೈ ಅವಳ ಮಡಿಲಿಗೆ ಬಿತ್ತು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆ ದೃಶ್ಯದಲ್ಲಿ ದೆವ್ವ ಅದೇ ಮಾತನ್ನು ಮೂರು ಸಲ ಹೇಳುತ್ತದೆ, ಕನ್ನಡಿಗೊಮ್ಮೆ, ತಿರುಗಿ ನಿಂತು ಒಮ್ಮೆ, ಕೊನೆಗೆ ನಮ್ಮ ಮುಖಕ್ಕೇ ಒಮ್ಮೆ. ಎರಡನೇ ಸಲ ಜನ ಇನ್ನೂ ಜೋರಾಗಿ ಕಿಚಗುಟ್ಟಿದರು. ಚಿಕ್ಕಮ್ಮ ಎದ್ದು ನಿಂತಳು. ಮನೆಗೆ ಹೊರಟಳು ಅಂದುಕೊಂಡು ಕೋಟಿನ ತುದಿ ಹಿಡಿದೆಳೆದೆ. ಹಿಂದಿನಿಂದ ಯಾರೋ "ಕೂತ್ಕೊಳ್ಳೀ" ಎಂದು ಕೂಗಿದರು. ಅವಳು ಅಲ್ಲಾಡಲಿಲ್ಲ. ಅಳತೆ ತೆಗೆಯುವಾಗ ನೋಡುವಂತೆ ಪರದೆಯ ಮೇಲಿನ ಆ ತುಟಿಗಳನ್ನೇ ನೋಡುತ್ತಿದ್ದಳು.

ದೆವ್ವದ ಮುಖ ಪರದೆಯನ್ನು ತುಂಬಿತು. ಜನ ಕಿರುಚಲು ಉಸಿರೆಳೆದುಕೊಂಡರು. ಅವರು ಉಸಿರು ಬಿಡುವ ಮೊದಲೇ ಚಿಕ್ಕಮ್ಮ ಹೇಳಿದಳು.

"ಬಾಗಿಲು ಹಾಕಿದ್ದು ಯಾರು?"

ಕೂಗಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೇ ಹೇಳಿದಳು, ನಿಧಾನವಾಗಿ, ಅದೇ ಗಡಸು ದನಿಯಲ್ಲಿ. ಅವಳ ಒಂದೊಂದು ಪದವೂ ಪರದೆಯ ತುಟಿಗಳಿಗೆ ಸರಿಯಾಗಿ ಹೋಗಿ ಕೂತಿತು. ಹಾಲಿನ ನೆಲದಡಿಯಿಂದ ಯಾರೋ ಮಾತಾಡಿದಂತಿತ್ತು.

"ನಾನಿನ್ನೂ ಒಳಗಿದ್ದೀನಿ."

ಗೊಂಚಲುಗಳು ನಿಂತವು. ಮುಂದಿನ ಸಾಲಿನ ಹೆಂಗಸು ಗಂಡನ ತೋಳಿಗೆ ಮುಖ ಒತ್ತಿಕೊಂಡಳು. ಆ ದನಿಯಲ್ಲಿ ಬೈಸಿಕೊಂಡು, ಮುದ್ದು ಮಾಡಿಸಿಕೊಂಡು ಬೆಳೆದ ನನಗೇ ಮೈ ಜುಂ ಎಂದಿತು. ಯಾರೂ ನಗಲಿಲ್ಲ. ಅಷ್ಟರಲ್ಲಿ ಮೇಲೆ ಸೌಂಡ್ ಮತ್ತೆ ಬಂತು, ನಾಯಕಿ ಕಿಟಾರನೆ ಕಿರುಚಿದಳು. ಜನರೂ ಅವಳ ಜೊತೆ ಕಿರುಚಿದರು. ಆ ಕಿರುಚಾಟ ತಮಾಷೆಗಾಗಿರಲಿಲ್ಲ.

ಆಟ ಮುಗಿದಾಗ ಮೆಟ್ಟಿಲ ಮೇಲೆ ಜನ ತಾವಾಗಿ ದಾರಿ ಬಿಟ್ಟರು. ವಾರ ವಾರ ಎಲ್ಲದಕ್ಕೂ ಹಲ್ಲು ಕಿರಿಯುವ ಗುಂಪು ಗೋಡೆಗೆ ಅಂಟಿಕೊಂಡು ನಿಂತಿತ್ತು. ಚಿಕ್ಕಮ್ಮನ ಕಣ್ಣು ಕೆಂಪಾಗಿದ್ದವು. ಅವಳು ಅತ್ತಿದ್ದಳು. ಇಷ್ಟು ವರ್ಷ ಏನನ್ನು ನೆಚ್ಚಿಕೊಂಡಿದ್ದಳೋ ಅದು ಆ ಸಿನಿಮಾದಲ್ಲಿ ಇರಲೇ ಇಲ್ಲ. ಅವಳು ಬಸುರಿಯಾಗಿದ್ದಾಗ ಕರೆಯದೆ ಬೇರೆಯವಳಿಂದ ದನಿ ತುಂಬಿಸಿದ್ದನ್ನು ನಾನು ಹೇಳಿಬಿಟ್ಟೆ.

"ಅವತ್ತು ನನ್ನ ಕರೀಬೋದಿತ್ತು," ಅಂದಳು. "ಆ ಹೊಟ್ಟೆ ಹೊತ್ಕೊಂಡೇ ಬರ್ತಿದ್ದೆ."

ಆಪರೇಟರಣ್ಣ ಕೈ ಒರೆಸಿಕೊಳ್ಳುತ್ತ ಕೆಳಗಿಳಿದು ಬಂದ. ಅವಳು ಅವನನ್ನು ತಡೆದಳು.

"ಸೌಂಡ್ ಯಾಕೆ ಹೋಯ್ತು?"

ಅವನು ನನ್ನ ಮುಖ ನೋಡಿದ. ನಾನು ಚಪ್ಪಲಿ ನೋಡಿದೆ. ಚಿಕ್ಕಮ್ಮ ಇಬ್ಬರನ್ನೂ ನೋಡಿದಳು.

"ಇದು ನಿನ್ನ ಕಿತಾಪತಿ ಅಲ್ವೇನೇ?"

"ಹೂಂ," ಅಂದೆ. ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ.

ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಬೀಗದ ಕೈಯನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆಯುತ್ತಿದ್ದಳು. ಅಲ್ಲಿ ಅಷ್ಟೊಂದು ಅಪರಿಚಿತರಿದ್ದರೂ ದನಿ ತಗ್ಗಿಸದೆ ಆಪರೇಟರಣ್ಣನಿಗೆ ಹೇಳಿದಳು:

"ಮುಂದಿನ ಸಲಾನೂ ಅಲ್ಲೇ ಆಫ್ ಮಾಡಿ. ನಾನು ಬರ್ತೀನಿ."