ದೃಷ್ಟಿಬೊಂಬೆಗೆ ಬೆನ್ನು ಹಾಕಿದ ಕುರ್ಚಿ

ನನ್ನ ಚಿತ್ರಗಳನ್ನು ಯಾರೂ ನೋಡುವುದಿಲ್ಲ ಎಂಬ ಸಿಟ್ಟಿನಲ್ಲೇ ನಾನು ಕಣ್ಣಿನ ಅಧ್ಯಯನ ಶುರುಮಾಡಿದ್ದು. ಪುತ್ತೂರಿನಲ್ಲಿ ಪ್ರದರ್ಶನ ಇಟ್ಟಾಗ ಬಂದವರೆಲ್ಲ ಮೊದಲು ನೋಡಿದ್ದು ಬಾಗಿಲ ಬಳಿಯಿದ್ದ ಚಹಾದ ಫ್ಲಾಸ್ಕನ್ನು. ಮನುಷ್ಯನ ಕಣ್ಣು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಚಿತ್ರ ಬರೆದೇ ಕಂಡುಹಿಡಿಯುತ್ತೇನೆ ಎಂದು ಹಟ ಹಿಡಿದೆ. ಒಬ್ಬರಾದರೂ ನನ್ನ ಚಿತ್ರದ ಮುಂದೆ ಸುಮ್ಮನೆ ನಿಂತುಬಿಡಬೇಕು, ಅದನ್ನು ನಾನು ನೋಡಬೇಕು. ಅಷ್ಟೇ ಆಸೆ.

ಆಗಲೇ ಬೆಳ್ಳಾರೆಯ ಬಸ್‌ಸ್ಟ್ಯಾಂಡ್ ಹತ್ತಿರ ಮನೆ ಕಟ್ಟಿಸುತ್ತಿದ್ದ ಅಕ್ಕ ಒಬ್ಬರು ದೃಷ್ಟಿಬೊಂಬೆ ಬರೆದುಕೊಡಲು ಹೇಳಿದರು. ಜನರ ಕಣ್ಣು ಮನೆಗೆ ತಾಗುವ ಮೊದಲು ಬೊಂಬೆಗೆ ತಾಗಬೇಕು. ನನಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಗಬೇಕು? ತಗಡಿನ ಮೇಲೆ ಕೆಂಪು ನಾಲಗೆ, ಕೋರೆಹಲ್ಲು ಬರೆದು, ಒಂದು ಕಣ್ಣನ್ನು ಬೇಕೆಂದೇ ಸಣ್ಣದು ಮಾಡಿದೆ. ಕಣ್ಣುಗಳು ಸಮ ಇಲ್ಲದಿದ್ದರೆ ನೋಡುವವರು ತಡೆದು ನಿಲ್ಲುತ್ತಾರೆ ಎಂಬುದು ನನ್ನ ಸಿದ್ಧಾಂತ. ಬೊಂಬೆಯನ್ನು ಬಾಲ್ಕನಿಗೆ ಕಟ್ಟಿಸಿ, ರಸ್ತೆಯ ಈಚೆ ಕುರ್ಚಿ ಹಾಕಿ, ಬರೆದುಕೊಳ್ಳಲು ಪುಸ್ತಕ ಹಿಡಿದು ಕೂತೆ.

ಬಸ್ಸಿನಿಂದ ಇಳಿದವರು ಮೊದಲು ನನ್ನನ್ನು ನೋಡಿದರು. ಆಮೇಲೆ ನಾನು ನೋಡುತ್ತಿದ್ದ ಕಡೆ ತಿರುಗಿ, "ಎಷ್ಟು ಲಾಯ್ಕದ ಮನೆ ಮಾರಾಯ್ರೆ!" ಎಂದರು. ಬೊಂಬೆಯ ಸುದ್ದಿಯೇ ಇಲ್ಲ.

ಮೂರನೆಯ ದಿನ ಅಕ್ಕ ರಸ್ತೆ ದಾಟಿ ಬಂದರು.

"ನೀವು ಎಂತ ಮಾಡುದು ಇಲ್ಲಿ? ಯಾರೂ ನೋಡದ ಮನೆಯನ್ನು ಈಗ ಊರೇ ನೋಡ್ತಾ ಉಂಟು."

"ಅಧ್ಯಯನ ಅಕ್ಕ."

"ಅಧ್ಯಯನ ಆಚೆ ಕಡೆ ಮಾಡಿ."

ಕುರ್ಚಿಯನ್ನು ಅವರೇ ತಿರುಗಿಸಿದರು. ಎದುರಿಗೆ ಬಂದದ್ದು ಕರೆಂಟು ಕಂಬ. ಮುನಿಸಿನಿಂದ ಅದನ್ನೇ ನೋಡಿದೆ. ಬಸ್ಸಿಳಿದವರೂ ಕಂಬ ನೋಡಿದರು. ಸುಳ್ಯದ ಬಸ್ಸಿಗೆ ಕಾಯುತ್ತಿದ್ದವರು ಎದ್ದು ಬಂದು ನೋಡಿದರು. ಮರುದಿನ ಯಾರೋ ದೂರು ಕೊಟ್ಟು ಲೈನ್‌ಮನ್ ಬಂದ. ಕಂಬ ಹತ್ತಿ, ಏನೂ ಸಿಗದೆ ಇಳಿದು, ಅವನೂ ನನ್ನ ಪಕ್ಕ ನಿಂತು ಮೇಲೆ ನೋಡತೊಡಗಿದ.

ಮನೆಯ ಕಡೆ ಒಬ್ಬರೂ ತಿರುಗಲಿಲ್ಲ. ಅಕ್ಕನಿಗೆ ಪರಮ ಸಂತೋಷ. "ಮನೆ ಒಕ್ಕಲಿನವರೆಗೆ ದಿನಾ ಬನ್ನಿ" ಎಂದು ಮಜ್ಜಿಗೆ ಕಳಿಸತೊಡಗಿದರು. ನಾಚಿಕೆಯಾಗುತ್ತಿತ್ತು, ಆದರೂ ಹೋದೆ.

ಗೃಹಪ್ರವೇಶದ ದಿನ ಊಟ ಮುಗಿಸಿ ನೋಡಿದರೆ ಬಾಲ್ಕನಿಯಲ್ಲಿ ಬೊಂಬೆ ಇಲ್ಲ. ಹಿಂದಿನ ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದರು. ನೇರ ಅಕ್ಕನ ಹತ್ತಿರ ಹೋದೆ.

"ಯಾರೂ ನೋಡ್ಲಿಲ್ಲ ಅಂತ ತೆಗೆದದ್ದಾ ಅಕ್ಕ?"

"ಅಯ್ಯೋ, ಅಲ್ಲ ಮಾರಾಯ್ರೆ. ಮೊನ್ನೆ ನಾನು ಕೆಳಗೆ ನಿಂತು ಸರಿ ನೋಡಿದೆ. ಆ ಸಣ್ಣ ಕಣ್ಣು ಉಂಟಲ್ಲ, ಬಿಡುದೇ ಇಲ್ಲ. ಕೆಲಸದವರ ಚಹಾಕ್ಕೆ ಇಟ್ಟ ಹಾಲು ಪೂರಾ ಉಕ್ಕಿ, ಒಲೆಯೇ ನಂದಿ ಹೋಯ್ತು. ನಾನು ಅಲ್ಲೇ ನಿಂತಿದ್ದೆ."

ಖುಷಿಯಲ್ಲಿ ಪುಸ್ತಕ ತೆಗೆದು ಬರೆದುಕೊಂಡೆ: ಹಾಲು ಉಕ್ಕಿ ಒಲೆ ನಂದುವಷ್ಟು ಹೊತ್ತು.

"ನಾನು ಆಗ ಎಲ್ಲಿದ್ದೆ ಅಕ್ಕ?"

"ನೀವಾ? ರಸ್ತೆಯಾಚೆ. ಕಂಬ ನೋಡ್ತಾ ಇದ್ರಿ."