ನೆಲದ ಮೇಲಿಟ್ಟ ಊಟ

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಇಪ್ಪತ್ತೇಳು ವರ್ಷ ಇಲಿಗಳ ಕೋಣೆಯಲ್ಲಿ ಊಟ, ನೀರು, ಹಾಸುವ ಹೊಟ್ಟು ನೋಡಿಕೊಂಡವರು. ಎಲ್ಲರ ಬಾಯಲ್ಲೂ ಇಲಿಯಪ್ಪ. ನನ್ನ ಕೆಲಸ ಪಕ್ಕದ ಕೋಣೆಯಲ್ಲಿ. ಸತ್ತ ಇಲಿಯ ಮಂಡಿಯನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹರಡಿ ಬಣ್ಣ ಹಾಕುವುದು. ಅವರು ಸಾಕಿದ್ದನ್ನು ನಾನು ಕೊಯ್ಯುತ್ತಿದ್ದೆ. ಆದರೂ ಅವರು ಒಂದು ದಿನವೂ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಓಡಾಡುವವಳು ನಾನು.

ಆ ಪ್ರಯೋಗ ನಮ್ಮ ಮೇಡಂ ಅವರದು. ವಯಸ್ಸಾದಂತೆ ನಮ್ಮ ಮಂಡಿ ಸವೆಯುವ ಹಾಗೆ ಇಲಿಯದೂ ಸವೆಯುತ್ತದೆ. ಎರಡು ವರ್ಷಕ್ಕೇ ಅದು ಹಣ್ಣು ಮುದುಕ. ಎಳೆಯ ಮಂಡಿಯಲ್ಲಿ ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಗಾಢ ಕೆಂಪು ಬಣ್ಣ ಹಿಡಿಯುತ್ತದೆ. ಮುದಿ ಮಂಡಿಯಲ್ಲಿ ಅದು ಬಿರುಕು ಬಿಟ್ಟು, ಬಣ್ಣ ಮಾಸಿ, ಕಡೆಗೆ ಮೂಳೆಗೆ ಮೂಳೆ ತಾಗುತ್ತದೆ. ಈ ಸವೆತ ತಡೆಯುವ ಔಷಧವೊಂದನ್ನು ಮೇಡಂ ಪರೀಕ್ಷಿಸುತ್ತಿದ್ದರು. ಹಳದಿ ಚೀಟಿಯ ಗೂಡುಗಳಿಗೆ ಒಂದು ಸೂಜಿಮದ್ದು, ನೀಲಿ ಚೀಟಿಯವಕ್ಕೆ ಇನ್ನೊಂದು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದು ಯಾವುದೆಂಬ ಗುಟ್ಟು ಅಂಟಿಸಿಟ್ಟ ಲಕೋಟೆಯಲ್ಲಿತ್ತು.

ಇಲಿಯಪ್ಪನವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವರ ಎರಡೂ ಮಂಡಿ ಕೈಕೊಟ್ಟಿದ್ದವು. ಡಾಕ್ಟರು ಆಪರೇಷನ್ ಎಂದಾಗಲೆಲ್ಲ ಅಕ್ಕ, “ನಮ್ಮ ಯಜಮಾನ್ರ ಇಲಿಗಳು ಔಷಧಿ ತರ್ತವೆ, ಅಲ್ಲೀವರೆಗೂ ಕಾಯ್ತೀನಿ” ಎನ್ನುತ್ತಿದ್ದರು. ಇಲಿಯಪ್ಪ ಬೇಡ ಅನ್ನುತ್ತಿರಲಿಲ್ಲ. “ಇನ್ನೇನು ಬಂತು ಬಿಡೆ” ಎಂದು ಅವರೂ ಸೇರಿ ತಾಳ ಹಾಕುತ್ತಿದ್ದರು.

ಕೊನೆಯ ಇಲಿಯ ಮಂಡಿ ಕೊಯ್ದಾದ ಮೇಲೆ ಮೇಡಂ ಒಂದೊಂದೇ ಗಾಜು ನೋಡಿ ಅಂಕ ಕೊಟ್ಟರು. ಹಳದಿ ಗೂಡಿನ ಮುದುಕರ ಮಂಡಿಗಳಲ್ಲಿ ಕೆಂಪು ಹಾಗೇ ಉಳಿದಿತ್ತು. ಲಕೋಟೆ ಒಡೆದರು. ಹಳದಿಯೇ ಔಷಧ! ಎಲ್ಲರೂ ಚಪ್ಪಾಳೆ ತಟ್ಟಿದರು, ನನಗಂತೂ ಅಳುವೇ ಬಂತು. ಬಾಗಿಲ ಬಳಿ ನಿಂತಿದ್ದ ಇಲಿಯಪ್ಪ ಮಾತ್ರ, “ಹಳದೀನೇನಾ ಮೇಡಂ?” ಎಂದು ಎರಡು ಸಲ ಕೇಳಿ ಹೊರಟುಹೋದರು.

ಮೂರು ದಿನ ಅವರು ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

“ಏನು, ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ?” ಎಂದು ರೇಗಿದೆ.

“ಒಂದು ತಪ್ಪು ಮಾಡಿದ್ದೀನಮ್ಮ. ಸೂಜಿ ಶುರುವಾದ ಮೊದಲ ತಿಂಗಳು ಹಳದಿ ಗೂಡಿನವು ಮಂಕಾಗಿ ಮೂಲೇಲಿ ಬಿದ್ದಿರ್ತಿದ್ವು. ಊಟ ಮೇಲಿನ ಜಾಲರೀಲಿ ಇರುತ್ತಲ್ಲ, ಹಿಂಗಾಲ ಮೇಲೆ ಎದ್ದು ನಿಂತು ತಿನ್ಬೇಕು. ಪಾಪ, ನಿಲ್ಲೋಕಾಗ್ತಿರಲಿಲ್ಲ. ಒಂದು ಹಿಡಿ ನೆಲದ ಮೇಲೆ ಹಾಕ್ದೆ. ಆಮೇಲೆ ಅವು ಚೇತರಿಸ್ಕೊಂಡ್ವು, ಆದ್ರೂ ನನ್ನ ಕೈ ನಿಲ್ಲಲಿಲ್ಲ. ಕೊನೇ ದಿನದವರೆಗೂ ಹಾಕ್ದೆ.”

“ನೀಲಿ ಗೂಡಿಗೆ?”

“ಅವು ಚೂಟಿಯಾಗಿದ್ವಲ್ಲ. ಅವಕ್ಯಾಕೆ ಅಂತ ಬಿಟ್ಟೆ.”

ನೀಲಿ ಗೂಡಿನವು ದಿನಕ್ಕೆ ನೂರಾರು ಸಲ ಎದ್ದು ನಿಂತು ತಿಂದಿದ್ದವು. ಹಳದಿಯವು ಕೂತಲ್ಲೇ ತಿಂದಿದ್ದವು. ಮಂಡಿ ಸವೆಯದೆ ಉಳಿಯಲು ಅಷ್ಟೇ ಸಾಕಿರಬಹುದು.

ಆಗ ನಾನು ಆಡಿದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. “ಸುಮ್ನಿರಿ. ಬರೋ ತಿಂಗಳು ನಿಮ್ಮ ರಿಟೈರ್ಮೆಂಟು. ಯಾರಿಗೆ ಗೊತ್ತಾಗುತ್ತೆ?”

“ಗೊತ್ತಾಗಲ್ಲ. ಆದ್ರೆ ಆ ಸೂಜೀನ ನಾಳೆ ಮನುಷ್ಯರ ಮಂಡಿಗೆ ಚುಚ್ತಾರಲ್ಲಮ್ಮ. ಸಾಲಲ್ಲಿ ಮೊದಲು ನಿಲ್ಲೋಳು ನಮ್ಮನೆಯವಳೇ.”

ಎದ್ದು ಸೀದಾ ಮೇಡಂ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಮೇಡಂ ಕೂಗಾಡಲಿಲ್ಲ. ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಔಷಧಿಯಿಂದ ಉಳೀತೋ, ನೀವು ಹಾಕಿದ ಊಟದಿಂದ ಉಳೀತೋ, ಈಗ ನಾನು ಹೇಗೆ ಹೇಳ್ಲಿ?” ಎಂದರು.

ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮತ್ತೆ ಮರಿಗಳಿಂದ ಶುರು ಮಾಡಬೇಕು, ಅವು ಮುದುಕರಾಗುವವರೆಗೆ ಕಾಯಬೇಕು. ಈಗ ಇಲಿಗಳ ಕೋಣೆಯ ಬಾಗಿಲಿಗೆ ‘ಊಟ ಜಾಲರಿಯಲ್ಲಿ ಮಾತ್ರ’ ಎಂಬ ಹಾಳೆ ಅಂಟಿಸಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ.

ಮೇಡಂಗೆ ಹೇಳಿದ ಆ ಸಂಜೆ ಇಲಿಯಪ್ಪ, “ನೀನೂ ಬಾರಮ್ಮ. ಮನೇಲಿ ಒಬ್ನೇ ಹೇಳೋಕೆ ಧೈರ್ಯ ಇಲ್ಲ” ಎಂದರು. ಹೋದೆ. ಅಕ್ಕ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು. ಗೋಡೆಯ ಹಲಗೆಗಳೆಲ್ಲ ಖಾಲಿ. ಒಲೆಯನ್ನು ಇಲಿಯಪ್ಪ ಗಿಡ್ಡ ಮೇಜಿನ ಮೇಲಿಟ್ಟಿದ್ದರು. ಉಪ್ಪು, ಸಕ್ಕರೆ, ನೀರಿನ ಬಿಂದಿಗೆ, ಬಾಚಣಿಗೆ, ಮಾತ್ರೆ, ಎಲ್ಲವೂ ಅಕ್ಕನ ಕುರ್ಚಿಯ ಸುತ್ತ ಕೈಗೆಟುಕುವಲ್ಲೇ ಇದ್ದವು. ಇಷ್ಟು ವರ್ಷ ಬಂದುಹೋಗುತ್ತಿದ್ದೇನೆ, ಅಂದೇ ನಾನು ಅದನ್ನು ಕಂಡಿದ್ದು.

ಇಲಿಯಪ್ಪ ನಿಂತುಕೊಂಡೇ ಒಂದೂ ಬಿಡದೆ ಎಲ್ಲ ಹೇಳಿದರು. ಕೊನೆಗೆ, “ನನ್ನ ಇಲಿಗಳನ್ನ ನಂಬ್ಕೊಂಡು ಕೂರ್ಬೇಡ ಕಣೆ. ಆಪರೇಷನ್ ಮಾಡಿಸ್ಕೊ. ನಾನೇ ನಿನ್ನ ಇಷ್ಟು ದಿನ ಕಾಯಿಸಿಬಿಟ್ಟೆ” ಎಂದರು.

ಅಕ್ಕ ಚಾಕು ಕೆಳಗಿಟ್ಟು ಸುತ್ತಲಿನ ಡಬ್ಬಿಗಳನ್ನು ಒಂದೊಂದಾಗಿ ನೋಡಿದರು.

“ಹಾಗಾದ್ರೆ ನಂಗೂ ನೆಲದ ಮೇಲೇ ಊಟ ಹಾಕ್ತಿದ್ರಿ ಅನ್ನಿ.”

ಇಲಿಯಪ್ಪ ಅಲ್ಲೇ ಕುಸಿದು ಕೂತು ಅತ್ತರು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಕ ಅವರ ತಲೆ ಸವರಿದರು.

“ಏಳಿ, ಆ ಸಕ್ಕರೆ ಡಬ್ಬೀನ ಮೇಲಿನ ಹಲಗೆ ಮೇಲೆ ಇಟ್ಬಿಡಿ” ಎಂದರು ಆಮೇಲೆ. “ಆಪರೇಷನ್ ಆದ್ಮೇಲೆ ನಾನೇ ಎದ್ದು ತಗೋತೀನಿ.”